ಸಾಮ್ರಾಜ್ಯ ಕಟ್ಟಿದವರ ಸಿಟ್ಟು

‘ಸಿವಿಲೈಸೇಶನ್’ ಸರಣಿಯ ಏಳನೆಯ ಆಟ 2025ರ ಫೆಬ್ರುವರಿ 11ರಂದು ಬಿಡುಗಡೆಯಾಯಿತು. ಆರನೆಯದು ಬಂದು ಆಗಲೇ ಎಂಟು ವರ್ಷ ದಾಟಿತ್ತು. ಅಷ್ಟು ಕಾಲ ಕಾದಿದ್ದ ಅಭಿಮಾನಿಗಳು ಕೊಂಡರು, ಆಡಿದರು, ಅವರಲ್ಲಿ ಬಹಳ ಮಂದಿ ಸಿಟ್ಟಿಗೆದ್ದರು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡವರ ಅಭಿಪ್ರಾಯಗಳ ಒಟ್ಟು ಲೆಕ್ಕ ‘ಮಿಶ್ರ’ ಎಂಬ ದರ್ಜೆಯಲ್ಲಿ ನಿಂತಿತು. ತಿಂಗಳುಗಳು ಕಳೆದ ಮೇಲೂ ಅಲ್ಲಿ ಹೊಸ ಆಟಕ್ಕಿಂತ 2016ರ ಆರನೆಯ ಆಟವನ್ನು ಆಡುವವರೇ ಹೆಚ್ಚಾಗಿದ್ದರು. ಇದನ್ನು ಹಳೆಯದಕ್ಕೆ ಅಂಟಿಕೊಂಡವರ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಮೂವತ್ತು ವರ್ಷಗಳಲ್ಲಿ ಈ ಸರಣಿಯ ಆಟಗಾರರು ಯಾವ ಯಾವ ವಿಷಯಕ್ಕೆ ಬೇಸತ್ತಿದ್ದಾರೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಎಲ್ಲದರ ಬೇರು ಒಂದೇ ಕಡೆ ಸಿಗುತ್ತದೆ. ತಂತ್ರಗಾರಿಕೆಯ ಆಟದಲ್ಲಿ ಆಟಗಾರ ಸೋಲನ್ನು ಸಹಿಸುತ್ತಾನೆ, ಕಷ್ಟವನ್ನು ಸಹಿಸುತ್ತಾನೆ. ತಾನು ತೆಗೆದುಕೊಂಡ ನಿರ್ಧಾರಕ್ಕೂ ಮುಂದೆ ಆಗುವ ಫಲಕ್ಕೂ ಇರುವ ನಂಟನ್ನು ಆಟವೇ ಕತ್ತರಿಸಿದಾಗ ಮಾತ್ರ ಸಹಿಸುವುದಿಲ್ಲ. ಏಳನೆಯ ಆಟ ಆ ನಂಟನ್ನು ಹಿಂದೆಂದೂ ಇಲ್ಲದಷ್ಟು ಬಹಿರಂಗವಾಗಿ ಕತ್ತರಿಸಿತು.

ಆಡದವರಿಗಾಗಿ ಹೇಳುವುದಾದರೆ, ಇದು 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಅಮೆರಿಕದ ಮೈಕ್ರೊಪ್ರೋಸ್ ಕಂಪನಿಯಲ್ಲಿ ರೂಪಿಸಿದ ಆಟ. ಕ್ರಿಸ್ತಪೂರ್ವ 4000ದ ಹೊತ್ತಿಗೆ ಖಾಲಿ ಭೂಮಿಯಲ್ಲಿ ಒಂದು ವಲಸೆ ಗುಂಪಿನೊಂದಿಗೆ ಆಟ ಶುರುವಾಗುತ್ತದೆ. ನದಿ ದಂಡೆ ನೋಡಿ ಊರು ಕಟ್ಟಬೇಕು, ಮಡಕೆ, ಕಂಚು, ಬರವಣಿಗೆ ಎನ್ನುತ್ತಾ ಒಂದೊಂದೇ ವಿದ್ಯೆ ಕಲಿಯಬೇಕು, ನೆರೆಯ ರಾಜ್ಯಗಳೊಡನೆ ವ್ಯಾಪಾರವನ್ನೋ ಯುದ್ಧವನ್ನೋ ಮಾಡಬೇಕು. ಕೊನೆಗೆ ಬಾಹ್ಯಾಕಾಶ ನೌಕೆ ಹಾರಿಸಬಹುದು, ಇಲ್ಲವೇ ಜಗತ್ತನ್ನೇ ಗೆಲ್ಲಬಹುದು. ಚದುರಂಗದಂತೆ ಇಲ್ಲಿ ಒಬ್ಬೊಬ್ಬರಿಗೂ ಸರದಿ ಇರುತ್ತದೆ. ಯೋಚಿಸಲು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದು. ಇಪ್ಪತ್ತನೆಯ ಸರದಿಯಲ್ಲಿ ಬೆಟ್ಟದ ಬುಡದಲ್ಲಿ ಕಟ್ಟಿದ ಊರು ಇನ್ನೂರನೆಯ ಸರದಿಯಲ್ಲಿ ಕಬ್ಬಿಣವನ್ನೋ ಕಲ್ಲಿದ್ದಲನ್ನೋ ಕೈಗಿಟ್ಟು ಉಪಕಾರ ತೀರಿಸುತ್ತದೆ. ‘ಇನ್ನೊಂದೇ ಸರದಿ’ ಎನ್ನುತ್ತಾ ಬೆಳಗಿನ ಜಾವದವರೆಗೆ ಕೂರಿಸುವ ಆಕರ್ಷಣೆ ಹುಟ್ಟುವುದು ಇಲ್ಲಿಂದಲೇ. ಬಿತ್ತಿದ್ದು ಯಾವಾಗ ಮೊಳೆಯುತ್ತದೆ ಎಂದು ನೋಡುವ ಆಸೆ ಅದು.

ಮೊದಲ ಆಟದ ಕಾಲದಿಂದಲೂ ಕೇಳಿಬಂದ ದೂರು ಯುದ್ಧದ್ದು. ಅಲ್ಲಿ ಎರಡು ಸೇನೆಗಳ ಕಾದಾಟ ಒಂದೇ ಸಂಭವನೀಯತೆಯ ಲೆಕ್ಕದಲ್ಲಿ ತೀರ್ಮಾನವಾಗುತ್ತಿತ್ತು. ಹಾಗಾಗಿ ಈಟಿ ಹಿಡಿದ ಪುರಾತನ ಪದಾತಿದಳ ಆಧುನಿಕ ಯುದ್ಧನೌಕೆಯನ್ನು ಮುಳುಗಿಸುವುದು ಅಪರೂಪಕ್ಕಾದರೂ ನಡೆಯುತ್ತಿತ್ತು. 1996ರ ಎರಡನೆಯ ಆಟದಲ್ಲಿ ಪ್ರತಿ ಸೇನೆಗೂ ಇಷ್ಟು ಪೆಟ್ಟು ತಾಳುವ ಶಕ್ತಿ ಎಂದು ನಿಗದಿಪಡಿಸಿ ಇದನ್ನು ಬಹುಮಟ್ಟಿಗೆ ಸರಿಪಡಿಸಿದರು. ಆದರೂ ಸಮಸ್ಯೆ ಮುಗಿಯಲಿಲ್ಲ. 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ಮುಖ್ಯ ಭಾಷಣದಲ್ಲಿ ಮೈಯರ್ ಇದಕ್ಕೆ ಸಂಬಂಧಿಸಿದ ಕೆಲವು ಸಂಗತಿಗಳನ್ನು ಹಂಚಿಕೊಂಡರು. ಇದೇ ಸರಣಿಯ ‘ಸಿವಿಲೈಸೇಶನ್ ರೆವಲ್ಯೂಷನ್’ ಎಂಬ ಆಟದ ಪರೀಕ್ಷೆಯ ವೇಳೆ, ತಮ್ಮ ಬಲ ಮೂರು, ಎದುರಾಳಿಯ ಬಲ ಒಂದು ಇದ್ದಾಗ ಸೋತರೆ ಆಟಗಾರರು ಅನ್ಯಾಯ ಎನ್ನುತ್ತಿದ್ದರು. ಅದೇ ಲೆಕ್ಕ ತಿರುಗಿ, ತಾವು ದುರ್ಬಲರಾಗಿದ್ದೂ ಗೆದ್ದರೆ ಯಾರೂ ದೂರುತ್ತಿರಲಿಲ್ಲ. ಎರಡಕ್ಕೆ ಒಂದರಲ್ಲಿ ಸೋಲನ್ನು ಒಪ್ಪುವವರು ಇಪ್ಪತ್ತಕ್ಕೆ ಹತ್ತರಲ್ಲಿ ಸೋತರೆ ಒಪ್ಪುತ್ತಿರಲಿಲ್ಲ, ಎರಡೂ ಒಂದೇ ಪ್ರಮಾಣವಾದರೂ. ಕೊನೆಗೆ ಆಟಗಾರರ ಮನಸ್ಸಿಗೆ ಹೊಂದುವಂತೆ ಲೆಕ್ಕವನ್ನೇ ಬದಲಿಸಬೇಕಾಯಿತು.

ಆಟಗಾರರು ತರ್ಕಕ್ಕೆ ಸಿಗದವರು, ಅವರ ದೂರನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ ಎನ್ನುವವರು ಈ ಪ್ರಸಂಗವನ್ನೇ ಆಧಾರವಾಗಿ ಹಿಡಿಯುತ್ತಾರೆ. ನನಗೆ ಇದರಲ್ಲಿ ಬೇರೆಯದೇ ಅರ್ಥ ಕಾಣುತ್ತದೆ. ಅದೃಷ್ಟದ ಮೇಲೆ ಜನರಿಗೆ ದ್ವೇಷವಿಲ್ಲ. ನಮ್ಮ ಚೌಕಾಬಾರವನ್ನೇ ನೋಡಿ, ಕವಡೆ ಹೇಗೆ ಬೀಳುತ್ತದೋ ಯಾರ ಕೈಯಲ್ಲೂ ಇಲ್ಲ, ಆದರೂ ಅಜ್ಜಿ-ಮೊಮ್ಮಕ್ಕಳು ಮನೆ ಜಗಲಿಯಲ್ಲಿ ಗಂಟೆಗಟ್ಟಲೆ ಆಡುತ್ತಾರೆ. ಅಲ್ಲಿ ಕವಡೆ ಮೊದಲು ಬೀಳುತ್ತದೆ, ಯಾವ ಕಾಯಿ ನಡೆಸಬೇಕು ಎಂಬ ತೀರ್ಮಾನ ಆಮೇಲೆ ಬರುತ್ತದೆ. ಬಿದ್ದ ಅದೃಷ್ಟವನ್ನು ಹೇಗೆ ಬಳಸಿಕೊಂಡೆ ಎಂಬುದರಲ್ಲಿ ಆಟಗಾರನ ಜಾಣ್ಮೆ ಇದೆ. ಸಿವಿಲೈಸೇಶನ್ನಿನ ಹಳೆಯ ಯುದ್ಧದಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಐವತ್ತು ಸರದಿ ಯೋಚಿಸಿ, ಸಂಪತ್ತು ಕೂಡಿಸಿ, ಸೈನ್ಯ ಕಟ್ಟಿ, ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದ ಮೇಲೆ ದಾಳ ಬೀಳುತ್ತಿತ್ತು, ಅಷ್ಟೂ ಯೋಚನೆಯನ್ನು ಅದು ಒಂದೇ ಏಟಿಗೆ ಅಳಿಸಬಹುದಿತ್ತು. ಇಪ್ಪತ್ತರ ಬಲ ಕೂಡಿಸಲು ಎರಡರ ಬಲಕ್ಕಿಂತ ಹೆಚ್ಚು ಶ್ರಮ ಬೇಕು. ಹಾಗಾಗಿ ಇಪ್ಪತ್ತು ಹತ್ತರೆದುರು ಸೋತರೆ ಹೆಚ್ಚು ನೋವಾಗುವುದು ಗಣಿತದ ಅಜ್ಞಾನದಿಂದ ಎಂದು ಹೇಳಲಾಗದು. ಹೂಡಿದ ಶ್ರಮಕ್ಕೆ ಗೌರವ ಸಿಗಲಿಲ್ಲ ಎಂಬ ದೂರು ಅದು. ಐದನೆಯ ಆಟದ ಹೊತ್ತಿಗೆ ದಾಳಿಗೆ ಮುಂಚೆಯೇ ಎಷ್ಟು ಹಾನಿಯಾಗಬಹುದು ಎಂಬ ಅಂದಾಜನ್ನು ಪರದೆಯ ಮೇಲೆ ತೋರಿಸತೊಡಗಿದರು. ಆ ಮೇಲೆ ಯುದ್ಧದ ಅದೃಷ್ಟದ ಬಗ್ಗೆ ಗೊಣಗಾಟ ಬಹಳ ಕಡಿಮೆಯಾಯಿತು.

ಎರಡನೆಯ ಹಳೆಯ ದೂರು ಕಂಪ್ಯೂಟರ್ ಮೋಸ ಮಾಡುತ್ತದೆ ಎಂಬುದು. ಇದು ಬರೀ ಆರೋಪವಲ್ಲ. ಕಠಿಣ ಹಂತಗಳಲ್ಲಿ ಕಂಪ್ಯೂಟರ್ ಎದುರಾಳಿ ಹೆಚ್ಚು ಜಾಣನಾಗುವುದಿಲ್ಲ, ಹೆಚ್ಚು ಶ್ರೀಮಂತನಾಗುತ್ತಾನೆ. ಆರನೆಯ ಆಟದ ಅತಿ ಕಠಿಣವಾದ ‘ಡೀಟಿ’ ಹಂತದಲ್ಲಿ ಆಟಗಾರ ಒಂದು ವಲಸೆ ಗುಂಪಿನಿಂದ ಶುರು ಮಾಡಿದರೆ ಎದುರಾಳಿಗಳಿಗೆ ಮೂರು ಸಿಗುತ್ತವೆ, ಉತ್ಪಾದನೆಯಲ್ಲೂ ವಿಜ್ಞಾನದಲ್ಲೂ ಉಡುಗೊರೆ ಸಿಗುತ್ತದೆ. ಇಷ್ಟಿದ್ದೂ ಅವರು ಸೈನ್ಯವನ್ನು ಕಡಲ ದಂಡೆಯಲ್ಲಿ ನಿಲ್ಲಿಸಿ ಗುಂಡೇಟು ತಿನ್ನಿಸುತ್ತಾರೆ. ಐದನೆಯ ಆಟದಲ್ಲಿ ಭೂಪಟದ ಒಂದು ಮನೆಗೆ ಒಂದೇ ಸೇನೆ ಎಂಬ ನಿಯಮ ತಂದ ಮುಖ್ಯ ವಿನ್ಯಾಸಕ ಜಾನ್ ಶೇಫರ್, ಆ ನಿಯಮದಿಂದ ಕಂಪ್ಯೂಟರ್ ಎದುರಾಳಿಗೆ ಸೈನ್ಯ ನಡೆಸುವುದು ಕಷ್ಟವಾಯಿತೆಂದು ಮುಂದೆ ತಾವೇ ಬರೆದರು. ನಾಲ್ಕನೆಯ ಆಟದ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್ ಅವರದು ಇನ್ನೊಂದು ನಿಲುವು. 2008ರಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸ ಕೊಟ್ಟ ಅವರು, ಈ ಬಗೆಯ ಆಟದಲ್ಲಿ ಕಂಪ್ಯೂಟರ್‌ನ ಕೆಲಸ ಚೆನ್ನಾಗಿ ಸೋಲುವುದು ಎಂಬರ್ಥದ ಮಾತಾಡಿದ್ದರು. ಅವರ ಮಾತಿನಲ್ಲಿ ಸತ್ಯವಿದೆ, ಸದಾ ಗೆಲ್ಲುವ ಯಂತ್ರದೆದುರು ಯಾರು ಆಡುತ್ತಾರೆ? ಆದರೆ ಚೆನ್ನಾಗಿ ಸೋಲಬೇಕಾದರೂ ಎದುರಾಳಿಯ ನಡೆಗೆ ಕಾರಣವಿದೆ ಎಂದು ಆಟಗಾರನಿಗೆ ಅನ್ನಿಸಬೇಕು. ನನ್ನ ತಪ್ಪಿನಿಂದ ಅವನು ಮುಂದೆ ಹೋದನೇ, ಅಥವಾ ಆಟವೇ ಅವನ ಬೊಕ್ಕಸ ತುಂಬಿಸಿತೇ ಎಂಬುದು ತಿಳಿಯದಿದ್ದರೆ ಸೋಲಿನಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಕಾರಣ ಕಾಣದ ಕಡೆ ಮನುಷ್ಯ ಕಾರಣವನ್ನು ಕಟ್ಟಿಕೊಳ್ಳುತ್ತಾನೆ. ಈ ಸರಣಿಯ ಅತ್ಯಂತ ಪ್ರಸಿದ್ಧ ದಂತಕಥೆ ಹುಟ್ಟಿದ್ದು ಹಾಗೆಯೇ, ಅದೂ ನಮ್ಮ ದೇಶದ ನಾಯಕನ ಹೆಸರಿನಲ್ಲಿ. ಮೊದಲ ಆಟದಲ್ಲಿ ಭಾರತದ ನಾಯಕ ಮಹಾತ್ಮ ಗಾಂಧಿ. ಅವರ ಆಕ್ರಮಣಶೀಲತೆಯ ಅಂಕ ಅತಿ ಕಡಿಮೆ ಇತ್ತಂತೆ, ಪ್ರಜಾಪ್ರಭುತ್ವಕ್ಕೆ ಬದಲಾದಾಗ ಇನ್ನೂ ಎರಡು ಕಳೆದು, ಸೊನ್ನೆಗಿಂತ ಕೆಳಗಿಳಿಯಲಾಗದ ಸಂಖ್ಯೆ ಸುತ್ತು ಹೊಡೆದು 255ಕ್ಕೆ ಏರಿತಂತೆ, ಗಾಂಧಿ ಅಣುಬಾಂಬು ಹಾಕತೊಡಗಿದರಂತೆ. ಈ ಕಥೆ ಜಗತ್ತಿನಾದ್ಯಂತ ಹರಡಿತು, ಕಂಪ್ಯೂಟರ್ ವಿಜ್ಞಾನದ ಪಾಠಕ್ಕೂ ಉದಾಹರಣೆಯಾಗಿ ಹೋಯಿತು. 2020ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಮೈಯರ್ ಅಂಥ ದೋಷ ಇರಲೇ ಇಲ್ಲ ಎಂದು ಸ್ಪಷ್ಟಪಡಿಸಿದರು. ವಿಜ್ಞಾನದಲ್ಲಿ ಮುಂದಿದ್ದ ನಾಯಕರು ಅಣ್ವಸ್ತ್ರವನ್ನು ಬೇಗ ಪಡೆಯುತ್ತಿದ್ದರು, ಎಲ್ಲರಂತೆ ಬೆದರಿಕೆಯನ್ನೂ ಹಾಕುತ್ತಿದ್ದರು, ಅಷ್ಟೇ. ಸಾವಿರಾರು ಜನ ಆ ದಂತಕಥೆಯನ್ನು ನಂಬಿದ್ದಕ್ಕೆ ಮುಖ್ಯ ಕಾರಣ, ಎದುರಾಳಿ ಹೀಗೇಕೆ ನಡೆದುಕೊಂಡ ಎಂಬುದಕ್ಕೆ ಆಟದೊಳಗೆ ಉತ್ತರವೇ ಇರಲಿಲ್ಲ ಎಂಬುದು. ಏಳನೆಯ ಆಟ ಬಂದ ವಾರವೇ ಅದರ ಪರದೆ ವಿನ್ಯಾಸದ ಮೇಲೆ ಇಷ್ಟೊಂದು ದೂರು ಬಂದದ್ದನ್ನೂ ಹೀಗೆಯೇ ಓದಬೇಕು. ಯಾವ ಕಟ್ಟಡದಿಂದ ಎಷ್ಟು ಆದಾಯ, ಅದು ಯಾಕೆ ಇಳಿಯಿತು ಎಂಬ ಲೆಕ್ಕ ಅಲ್ಲಿ ಕಣ್ಣಿಗೆ ಸಿಗುತ್ತಿರಲಿಲ್ಲ. ದೂರು ನಿಜವೆಂದು ತಯಾರಕರಾದ ಫಿರಾಕ್ಸಿಸ್ ಸಂಸ್ಥೆಯವರು ಕೂಡಲೇ ಒಪ್ಪಿ ತಿದ್ದುಪಡಿಗೆ ಕೈಹಾಕಿದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಏಳನೆಯ ಆಟದಲ್ಲಿ ಇತಿಹಾಸವನ್ನು ಮೂರು ಯುಗಗಳಾಗಿ ಕತ್ತರಿಸಲಾಗಿದೆ: ಪ್ರಾಚೀನ, ಅನ್ವೇಷಣೆ, ಆಧುನಿಕ. ಮೊದಲ ಎರಡು ಯುಗಗಳ ಕೊನೆಗೆ ಒಂದೊಂದು ಬಿಕ್ಕಟ್ಟು ಬರುತ್ತದೆ. ನಂತರ ಆಟ ನಿಂತು ಹೊಸ ಯುಗ ತೆರೆಯುತ್ತದೆ, ಬಿಡುಗಡೆಯಾದಾಗ ಆಟಗಾರ ಅಲ್ಲಿ ಬೇರೊಂದು ನಾಗರಿಕತೆಯನ್ನು ಆರಿಸಿಕೊಳ್ಳಲೇಬೇಕಿತ್ತು. ಈಜಿಪ್ಟಾಗಿ ಶುರು ಮಾಡಿದವರು ಸೊಂಘೈ ಆಗಬಹುದು, ಮೂರು ಕಡೆ ಕುದುರೆಗಳನ್ನು ಹಿಡಿದಿದ್ದರೆ ಮಂಗೋಲರಾಗಬಹುದು. ಬಿಡುಗಡೆಯ ಹೊತ್ತಿನ ರೂಪದಲ್ಲಿ ಯುಗ ಬದಲಾದಾಗ ನಡೆಯುತ್ತಿದ್ದ ಯುದ್ಧಗಳು ನಿಂತುಹೋಗುತ್ತಿದ್ದವು, ದಂಡನಾಯಕರ ಅಡಿಯಲ್ಲಿ ಇರದ ಸೈನ್ಯದ ಬಹುಪಾಲು ಮಾಯವಾಗುತ್ತಿತ್ತು, ರಾಜಧಾನಿ ಬಿಟ್ಟು ಉಳಿದ ನಗರಗಳು ಮತ್ತೆ ಸಣ್ಣ ಪಟ್ಟಣಗಳಾಗುತ್ತಿದ್ದವು, ಹಳೆಯ ಕಟ್ಟಡಗಳ ಫಲ ಕುಗ್ಗುತ್ತಿತ್ತು. ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದವರೂ ಹಿಂದಿದ್ದವರೂ ಹೊಸ ಯುಗದ ಹೊಸ್ತಿಲಲ್ಲಿ ಒಟ್ಟಿಗೆ ನಿಲ್ಲುತ್ತಿದ್ದರು. ಶತ್ರುವಿನ ಕೋಟೆ ಇನ್ನೆರಡು ಸರದಿಯಲ್ಲಿ ಬೀಳಲಿದೆ ಎನ್ನುವಾಗ ಪರದೆ ಮುಚ್ಚಿ, ತೆರೆದಾಗ ಸೈನ್ಯವೂ ಇಲ್ಲ ಯುದ್ಧವೂ ಇಲ್ಲ ಎಂದಾದರೆ ಹಿಂದಿನ ಮೂವತ್ತು ಸರದಿಗಳ ಯೋಜನೆ ಏನಾಯಿತು? ಅದನ್ನು ಶತ್ರು ಸೋಲಿಸಿರಲಿಲ್ಲ, ಆಟಗಾರನ ತಪ್ಪೂ ಕೆಡಿಸಿರಲಿಲ್ಲ. ನಿಯಮವೊಂದು ಗುಡಿಸಿಹಾಕಿತ್ತು.

ಈ ನಿಯಮ ಮನಬಂದಂತೆ ತಂದದ್ದಲ್ಲ, ಅದನ್ನು ನ್ಯಾಯವಾಗಿ ಹೇಳಬೇಕು. ಶುರು ಮಾಡಿದ ಆಟವನ್ನು ಬಹಳಷ್ಟು ಜನ ಕೊನೆಯವರೆಗೆ ಆಡುವುದಿಲ್ಲ ಎಂಬುದು ಎಡ್ ಬೀಚ್ ನೇತೃತ್ವದ ವಿನ್ಯಾಸಕರ ತಂಡದ ಚಿಂತೆಯಾಗಿತ್ತು. ಮೊದಲರ್ಧದಲ್ಲಿ ಮುಂದೆ ಹೋದವನು ಮುಂದೆಯೇ ಹೋಗುತ್ತಿರುತ್ತಾನೆ, ನಗರಗಳು ಮೂವತ್ತಾದ ಮೇಲೆ ಪ್ರತಿ ಸರದಿಯೂ ಕಚೇರಿ ಕೆಲಸದಂತಾಗುತ್ತದೆ, ಗೆಲುವು ಖಚಿತವಾದ ಮೇಲೆ ಆಡಲು ಬೇಸರ. ಇದು ನಿಜವಾದ ರೋಗ, ಆಟಗಾರರೇ ವರ್ಷಗಟ್ಟಲೆ ಹೇಳಿದ ರೋಗ. ಆದರೆ ಕೊನೆ ಮುಟ್ಟದ ಆಟವೆಲ್ಲ ವಿಫಲವಾದ ಆಟ ಎಂಬ ಎಣಿಕೆ ಸರಿಯಲ್ಲ. ಚದುರಂಗದ ಗ್ರ್ಯಾಂಡ್‌ಮಾಸ್ಟರ್‌ಗಳ ಆಟಗಳಲ್ಲಿ ರಾಜನನ್ನು ಕಟ್ಟಿಹಾಕುವವರೆಗೆ ನಡೆಯುವಂಥವು ಕಡಿಮೆ. ಫಲ ಕಂಡ ಕೂಡಲೇ ಸೋಲುವವರು ಕೈಮುಗಿದು ಏಳುತ್ತಾರೆ, ಅದರಿಂದ ಆ ಆಟದ ಸೊಗಸೇನೂ ಕುಂದುವುದಿಲ್ಲ. ಇನ್ನೂರನೆಯ ಸರದಿಯಲ್ಲಿ ತಾನು ಗೆದ್ದೆನೆಂದು ತಿಳಿದು ಎದ್ದುಹೋದವನಿಗೆ ತನ್ನ ನಿರ್ಧಾರಗಳ ಫಲ ಸಿಕ್ಕಿಯಾಗಿದೆ. ಅವನನ್ನು ಇನ್ನೂರೈವತ್ತನೆಯ ಸರದಿಯವರೆಗೆ ಹಿಡಿದಿಡಲು ನೂರನೆಯ ಸರದಿಯಲ್ಲಿ ಅವನು ಗಳಿಸಿದ್ದನ್ನು ಕಿತ್ತುಕೊಂಡರೆ, ತೃಪ್ತನಾಗಿ ಎದ್ದುಹೋಗುತ್ತಿದ್ದವನು ಬೇಸತ್ತು ಎದ್ದುಹೋಗುತ್ತಾನೆ.

ಬೇರೆ ಮದ್ದು ಇರಲಿಲ್ಲವೇ ಎಂದರೆ, ಈ ಸರಣಿಯೇ ಒಂದನ್ನು ಕಂಡುಕೊಂಡಿತ್ತು. 2018ರಲ್ಲಿ ಆರನೆಯ ಆಟಕ್ಕೆ ಬಂದ ‘ರೈಸ್ ಅಂಡ್ ಫಾಲ್’ ವಿಸ್ತರಣೆಯಲ್ಲಿಯೂ ಯುಗಗಳಿದ್ದವು. ಒಂದು ಯುಗದಲ್ಲಿ ಆಟಗಾರ ಮಾಡಿದ ಸಾಧನೆಗಳ ಅಂಕ ಕೂಡಿ, ಮುಂದಿನದು ಸುವರ್ಣಯುಗವೋ ಕತ್ತಲೆಯ ಯುಗವೋ ಎಂದು ನಿರ್ಧಾರವಾಗುತ್ತಿತ್ತು. ಕತ್ತಲೆಯ ಯುಗಕ್ಕೆ ಬಿದ್ದವರ ನಗರಗಳು ನಿಷ್ಠೆ ಬದಲಿಸಿ ಕೈತಪ್ಪಬಹುದಿತ್ತು. ಆದರೆ ಅದರಿಂದ ಮೇಲೆದ್ದು ಬಂದವರಿಗೆ ಇತರರಿಗೆ ಸಿಗದ ವೀರಯುಗ ಒದಗುತ್ತಿತ್ತು. ಅಲ್ಲೂ ಹಿನ್ನಡೆ ಇತ್ತು, ಆದರೆ ಅದು ಆಟಗಾರನ ನಡೆಯಿಂದಲೇ ಹುಟ್ಟುತ್ತಿತ್ತು. ಮೈಯರ್ ಮೊದಲ ಆಟ ರೂಪಿಸುವಾಗಲೇ ನಾಗರಿಕತೆಗಳು ಏಳಬೇಕು, ಬೀಳಬೇಕು, ಮತ್ತೆ ಏಳಬೇಕು ಎಂದು ಬಯಸಿದ್ದರಂತೆ. ಬೀಳುವ ಹೊತ್ತು ಬಂದಾಗ ಆಡುವವರು ಹಿಂದೆ ಸೇವ್ ಮಾಡಿಟ್ಟ ಆಟಕ್ಕೇ ಮರಳುತ್ತಿದ್ದುದನ್ನು ನೋಡಿ ಆ ಯೋಚನೆ ಬಿಟ್ಟರು. ಆಟಗಾರರಿಗೆ ಬೀಳುವುದೇ ಬೇಡ ಎಂದು ಇದನ್ನು ಓದುವವರಿದ್ದಾರೆ. ಬಿದ್ದದ್ದು ಯಾಕೆಂದು ತಿಳಿದರೆ ಹಿನ್ನಡೆಯನ್ನೂ ಜನ ಆಡುತ್ತಾರೆ ಎಂಬುದನ್ನು ‘ರೈಸ್ ಅಂಡ್ ಫಾಲ್’ ತೋರಿಸಿತು.

ಹೊಸ ನಿಯಮದ ಪರವಾಗಿ ಫಿರಾಕ್ಸಿಸ್ ಇನ್ನೊಂದು ಸಮರ್ಥನೆ ಕೊಟ್ಟಿತು, ಇತಿಹಾಸ ಪದರಪದರವಾಗಿ ಕಟ್ಟಿಕೊಂಡು ಬಂದದ್ದು ಎಂದು. ಇದನ್ನು ಕನ್ನಡದ ಓದುಗರು ವಿಶೇಷವಾಗಿ ತೂಗಿ ನೋಡಬಹುದು. ಏಕೆಂದರೆ ಆಟ ಭಾರತಕ್ಕೆ ಹಾಕಿಕೊಟ್ಟ ದಾರಿ ಮೌರ್ಯ, ಆಮೇಲೆ ಚೋಳ, ಆಮೇಲೆ ಮೊಘಲ್. ಮೂರೂ ಕರ್ನಾಟಕದ ನೆಲದ ಮೇಲೆ ಹೆಜ್ಜೆ ಇಟ್ಟಿವೆ. ಅಶೋಕನ ಶಾಸನಗಳು ಮಸ್ಕಿಯಲ್ಲೂ ಬ್ರಹ್ಮಗಿರಿಯಲ್ಲೂ ಇವೆ. ಗಂಗವಾಡಿಯನ್ನು ಹಿಡಿದ ಚೋಳರನ್ನು ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ತಲಕಾಡಿನಿಂದ ಹೊರಗಟ್ಟಿದ. 1686ರಲ್ಲಿ ಬಿಜಾಪುರ ಮೊಘಲರ ವಶವಾಯಿತು, ಶಿರಾ ಅವರ ಒಂದು ಪ್ರಾಂತ್ಯದ ಕೇಂದ್ರವಾಯಿತು. ಪದರಗಳಿವೆ ಎಂಬುದು ಹಾಗಾದರೆ ನಿಜವೇ. ಆದರೆ ಆ ಪದರಗಳ ಉದ್ದಕ್ಕೂ ಉಳಿದು ಬಂದದ್ದು ಯಾವುದು? ಅರಸರು ಬದಲಾದರು, ಲಾಂಛನಗಳು ಬದಲಾದವು. ಉತ್ತವರು, ಕೆರೆ ಕಟ್ಟಿದವರು, ಹಲ್ಮಿಡಿ ಶಾಸನದ ಕಾಲದಿಂದ ಬರಹದಲ್ಲಿ ಕಾಣುವ ಭಾಷೆ ಉಳಿದವು. ಏಳನೆಯ ಆಟ ಇದನ್ನು ತಿರುವುಮುರುವು ಮಾಡಿದೆ. ಅಲ್ಲಿ ನಾಯಕ ಆರು ಸಾವಿರ ವರ್ಷ ಅಮರ, ಜನರೇ ಬದಲಾಗುತ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ ರೋಮನ್ನರ ನಾಯಕನಾಗಿ ಶುರು ಮಾಡಿ, ಮುಂದಿನ ಯುಗದಲ್ಲಿ ಇನ್ನಾರದೋ ನಾಯಕನಾಗಿ ಮುಂದುವರಿಯುತ್ತಾರೆ. ಯಾವ ಜನರ ಕಥೆಯನ್ನು ಬೆಳೆಸಲು ಆಟಗಾರ ಕೂತಿದ್ದನೋ ಆ ಜನರೇ ನಡುದಾರಿಯಲ್ಲಿ ಇಲ್ಲವಾಗುತ್ತಾರೆ. 2021ರ ‘ಹ್ಯೂಮನ್‌ಕೈಂಡ್’ ಎಂಬ ಫ್ರೆಂಚ್ ಕಂಪನಿಯ ಆಟವೂ ಯುಗಕ್ಕೊಂದು ಸಂಸ್ಕೃತಿ ಬದಲಿಸುವ ಕ್ರಮ ತಂದಿತ್ತು, ಎದುರಾಳಿ ಯಾರೆಂಬುದೇ ನೆನಪಿನಲ್ಲಿ ನಿಲ್ಲುವುದಿಲ್ಲ ಎಂಬ ದೂರು ಅದಕ್ಕೂ ಅಂಟಿಕೊಂಡಿತ್ತು. ಆ ಎಚ್ಚರಿಕೆ ಕಣ್ಣೆದುರೇ ಇತ್ತು.

ಹೊಸ ಆವೃತ್ತಿ ಬಂದಾಗಲೆಲ್ಲ ಜನ ಬೈದಿದ್ದಾರೆ, ಆಮೇಲೆ ಪ್ರೀತಿಸಿದ್ದಾರೆ ಎಂಬುದು ಅತಿ ಹೆಚ್ಚು ಕೇಳಿಬರುವ ಆಕ್ಷೇಪ. ಪ್ರತಿ ಆಟದಲ್ಲೂ ಮೂರನೆಯ ಒಂದು ಭಾಗ ಹಳೆಯದು, ಒಂದು ಭಾಗ ತಿದ್ದಿದ್ದು, ಒಂದು ಭಾಗ ಹೊಸದು ಎಂಬುದು ಫಿರಾಕ್ಸಿಸ್ ಸಂಸ್ಥೆಯ ಪ್ರಸಿದ್ಧ ಸೂತ್ರ. ಹೊಸ ಭಾಗಕ್ಕೆ ವಿರೋಧ ಸಹಜ. ಐದನೆಯ ಆಟ 2010ರಲ್ಲಿ ಬಂದಾಗ ಬಡಕಲಾಗಿದೆ ಎಂದರು, 2013ರ ‘ಬ್ರೇವ್ ನ್ಯೂ ವರ್ಲ್ಡ್’ ಬಂದ ಮೇಲೆ ಅದೇ ಮೇರು ಎಂದರು. ಈ ಇತಿಹಾಸ ನಿಜ, ಆದರೆ ಅಲ್ಲಿನ ಬದಲಾವಣೆಗಳ ಸ್ವರೂಪ ಬೇರೆ. ಐದನೆಯ ಆಟ ಯುದ್ಧ ಮಾಡುವ ರೀತಿ ಬದಲಿಸಿತು. ಆರನೆಯದು ಊರಿನ ವಿಭಾಗಗಳನ್ನು ಭೂಪಟದ ಮೇಲೆಯೇ ಕಟ್ಟುವಂತೆ ಮಾಡಿತು, ಒಮ್ಮೆ ಇಟ್ಟ ವಿಭಾಗವನ್ನು ಕದಲಿಸುವಂತಿರಲಿಲ್ಲ. ಇದರಿಂದ ಹಿಂದಿನ ನಿರ್ಧಾರದ ಭಾರ ಇನ್ನೂ ಹೆಚ್ಚಿತು. ಎರಡೂ ಆಟಗಳಲ್ಲಿ ಕೊರತೆ ಇದ್ದದ್ದು ಸುತ್ತಲಿನ ಸಾಮಗ್ರಿಯಲ್ಲಿ, ಅದನ್ನು ವಿಸ್ತರಣೆಗಳು ತುಂಬಿದವು. ಏಳನೆಯದರಲ್ಲಿ ದೂರು ಇರುವುದು ಅಡಿಪಾಯದ ಮೇಲೆ. ಸಾಮಗ್ರಿಯ ದೂರುಗಳೂ ಇದ್ದವು: ಮೂಲ ಆಟಕ್ಕೆ 70 ಡಾಲರ್ ಬೆಲೆ ಇಟ್ಟು ಗ್ರೇಟ್ ಬ್ರಿಟನ್ ಅನ್ನು ಮರು ತಿಂಗಳು ಬೇರೆಯಾಗಿ ಮಾರಿದ್ದು ಯಾರಿಗೂ ಹಿಡಿಸಲಿಲ್ಲ. ಸರಣಿಗೆ ಹೆಸರು ತಂದ ‘ಇನ್ನೊಂದೇ ಸರದಿ’ ಗುಂಡಿ, ಅಂದರೆ ಗೆದ್ದ ಮೇಲೂ ಮುಂದುವರಿಯುವ ಅವಕಾಶ, ಬಿಡುಗಡೆಯಂದು ಇರಲಿಲ್ಲ, ಏಪ್ರಿಲ್‌ನಲ್ಲಿ ಸೇರಿಸಿದರು. ಇಂಥವು ತಿದ್ದಿದರೆ ಮರೆತುಹೋಗುತ್ತವೆ.

ಅಡಿಪಾಯದ ದೂರು ಮಾತ್ರ ಮರೆತುಹೋಗಲಿಲ್ಲ, ತಯಾರಕರೇ ಅದನ್ನು ಒಪ್ಪಿದಂತಿದೆ. 2025ರಲ್ಲಿಯೇ ಯುಗ ಬದಲಾದಾಗ ಸೈನ್ಯ ಮತ್ತು ನೆಲೆಗಳನ್ನು ಹೆಚ್ಚು ಉಳಿಸಿಕೊಳ್ಳುವ ಆಯ್ಕೆಯನ್ನು ಕೊಟ್ಟರು. ಆ ವರ್ಷದ ಕೊನೆಯ ಹೊತ್ತಿಗೆ, ಒಂದೇ ನಾಗರಿಕತೆಯನ್ನು ಮೊದಲಿನಿಂದ ಕೊನೆಯವರೆಗೆ ಆಡುವ ದಾರಿಯನ್ನು ರೂಪಿಸುತ್ತಿದ್ದೇವೆ, ಅದನ್ನು ಆಟಗಾರರೊಡನೆ ಪರೀಕ್ಷಿಸುತ್ತೇವೆ ಎಂದು ಫಿರಾಕ್ಸಿಸ್ ಪ್ರಕಟಿಸಿತು. ಇದು ಸರಿಯಾದ ದಿಕ್ಕು, ಆದರೆ ಅರ್ಧ ದಾರಿ. ಹೆಸರು ಉಳಿದು ಸಂಪತ್ತು, ಸೈನ್ಯ, ವಿದ್ಯೆಯ ಮುನ್ನಡೆ ಉಳಿಯದಿದ್ದರೆ ಹಳೆಯ ನೋವು ಹಾಗೆಯೇ ಇರುತ್ತದೆ. ಮುಂದಿದ್ದವನನ್ನು ತಡೆಯಲೇಬೇಕು ಎಂದಾದರೆ ಅವನ ಗೆಲುವಿನಿಂದಲೇ ತೊಡಕು ಹುಟ್ಟಬೇಕು. ಬೃಹತ್ ಸಾಮ್ರಾಜ್ಯವನ್ನು ಆಳುವುದು ಕಷ್ಟವಾಗಲಿ, ನೆರೆಹೊರೆಯವರು ಒಟ್ಟಾಗಿ ಎದುರು ನಿಲ್ಲಲಿ, ದೂರದ ಊರುಗಳು ದಂಗೆ ಏಳಲಿ. ಸೋರೆನ್ ಜಾನ್ಸನ್ ನಂತರ ರೂಪಿಸಿದ ‘ಓಲ್ಡ್ ವರ್ಲ್ಡ್’ನಲ್ಲಿ ಪ್ರತಿ ಸರದಿಗೂ ಇಷ್ಟೇ ಆಜ್ಞೆಗಳು ಎಂಬ ಮಿತಿ ಇದೆ. ರಾಜ್ಯ ದೊಡ್ಡದಾದಷ್ಟೂ ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಕಷ್ಟವಾಗುತ್ತದೆ. ಕಚೇರಿ ಕೆಲಸದ ಬೇಸರವೂ ಇಳಿಯುತ್ತದೆ, ಕಟ್ಟಿದ್ದೂ ಕೈಯಲ್ಲೇ ಉಳಿಯುತ್ತದೆ.

ಈ ಸರಣಿಯನ್ನು ಹೊಸದಾಗಿ ಆಡಬಯಸುವವರಿಗೆ ಒಂದು ಮಾತು: ಎರಡು ದೊಡ್ಡ ವಿಸ್ತರಣೆಗಳೊಂದಿಗೆ ಆರನೆಯ ಆಟದಿಂದ ಶುರು ಮಾಡಿ, ಅದು ಆಗಾಗ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಏಳನೆಯದನ್ನು ಕೊಳ್ಳುವ ಮುನ್ನ, ಒಂದೇ ನಾಗರಿಕತೆಯನ್ನು ಕೊನೆಯವರೆಗೆ ಆಡುವ ದಾರಿ ಹೇಗಿದೆ, ಯುಗ ದಾಟುವಾಗ ಏನೇನು ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ವಿಚಾರಿಸಿಕೊಳ್ಳಿ.